ಕಾಗದದ ಮೇಲೆ 'ಇಲ್ಲಿ ಒತ್ತಿ'

ದೊಡ್ಡಬಳ್ಳಾಪುರ
೧೪ ಜುಲೈ ೨೦೨೪

ಚಿ. ಅಕ್ಷತಳಿಗೆ ಅಮ್ಮನ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಿದೆ, ಗೊಣಗಾಟ ಕಡಿಮೆಯಾಗಿಲ್ಲ. ನೀನು ಫೋನ್ ಮಾಡಿದಾಗೆಲ್ಲ ಎತ್ತದೇ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಎತ್ತಿದ್ದರೆ ಕೂಗಾಡಿಬಿಡುತ್ತಿದ್ದೆ. ನಿನ್ನ ಮೈಸೂರಿಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ. ಬರೆಯುತ್ತಾ ಕೂತರಾದರೂ ಕೋಪ ಇಳಿಯುತ್ತದೇನೋ ಎಂದು ಶುರು ಮಾಡಿದ್ದೇನೆ. ಇಲ್ಲಿಯವರೆಗೆ ಇಳಿದಿಲ್ಲ.

ನಾನು ರೇಷ್ಮೆ ತರಬೇತಿ ಕೇಂದ್ರದಲ್ಲಿದ್ದಾಗ ಮಾಡಿದ ಹುಳುವಿನ ಪುಟಗಳು ನಿನಗೆ ನೆನಪಿರಲೇಬೇಕು. ತೊಂಬತ್ತೆಂಟನೇ ಇಸವಿ, ಇಡೀ ಕೇಂದ್ರಕ್ಕೆ ಒಂದೇ ಕಂಪ್ಯೂಟರು. ನೀನು ಶಾಲೆ ಬಿಟ್ಟು ನೇರ ಅಲ್ಲಿಗೇ ಬಂದು, ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು, ಒತ್ತಿದರೆ ಬೇರೆ ಪುಟಕ್ಕೆ ಹೋಗುವ ನೀಲಿ ಅಕ್ಷರಗಳನ್ನೆಲ್ಲ ಒತ್ತಿ ಒತ್ತಿ ನೋಡುತ್ತಿದ್ದೆ. "ಅಮ್ಮಾ, ಇದು ಎಲ್ಲಿಗೂ ಹೋಗ್ತಾ ಇಲ್ಲ" ಅನ್ನುತ್ತಿದ್ದೆ, ನಾನು ಸರಿಮಾಡುತ್ತಿದ್ದೆ. ರೈತರಿಗೆ ರೋಗದ ಹೆಸರು ಗೊತ್ತಿರುವುದಿಲ್ಲ, ಕಣ್ಣಿಗೆ ಕಂಡದ್ದು ಗೊತ್ತಿರುತ್ತದೆ. ಅದಕ್ಕೇ 'ಎಲೆ ತಿನ್ನದ ಹುಳು' ಎಂಬಲ್ಲಿಂದ ಹೊರಡುವುದು. ತಲೆಯೆತ್ತಿ ಅಲ್ಲಾಡದೆ ಕೂತಿದೆಯೇ? ಅದನ್ನು ಒತ್ತಿದರೆ 'ಪೊರೆ ಬಿಡುತ್ತಿದೆ, ಮುಟ್ಟಬೇಡಿ, ಎಲೆ ಹಾಕಬೇಡಿ' ಎಂಬ ಪುಟ. ಮೈ ಊದಿಕೊಂಡು ಹಾಲಿನಂಥ ನೀರು ಸುರಿಯುತ್ತಿದೆಯೇ? ಅದನ್ನು ಒತ್ತಿದರೆ ರೋಗದ ಪುಟ, ಅಲ್ಲಿಂದ ಸುಣ್ಣ ಹಾಕುವ ಪುಟ.

ಈಗ ಅದನ್ನೇ ಪುಸ್ತಕ ಮಾಡಿ ನಮ್ಮ ಕಡೆಯ ರೈತರಿಗೆಲ್ಲ ಹಂಚಿದ್ದಾರೆ. ಬಣ್ಣದ ರಕ್ಷಾಪುಟ, ನುಣುಪು ಕಾಗದ. ಪುಟಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ನೀಲಿ ಅಕ್ಷರಗಳನ್ನು ಅಡಿಗೆರೆ ಸಮೇತ ಹಾಗೇ ಅಚ್ಚುಹಾಕಿದ್ದಾರೆ. ಪ್ರತಿ ಪುಟದ ಕೆಳಗೂ 'ಮುಂದೆ ಹೋಗಲು ಇಲ್ಲಿ ಒತ್ತಿ'! ಕಾಗದದ ಮೇಲೆ! ಯಾವ ಪುಣ್ಯಾತ್ಮರು ಮಾಡಿದರೋ, ಯಾರಾದರೂ ಒಬ್ಬ ರೈತರ ಕೈಗೆ ಕೊಟ್ಟು ಓದಿಸಿ ನೋಡಬಾರದಿತ್ತೇ?

ಇಲ್ಲೇ ಪಕ್ಕದ ಮಧುರೆಯ ಲಕ್ಕಮ್ಮ ಗೊತ್ತಲ್ಲ, ನಿನಗೆ ಹಿಪ್ಪುನೇರಳೆ ಹಣ್ಣು ತಂದುಕೊಡುತ್ತಿದ್ದವಳು. ಹೋದ ವಾರ ಅವಳು ಶಿವಗಂಗೆಗೆ ಹೋಗಿದ್ದಾಗ ಮನೆಯಲ್ಲಿ ಹೊಸ ಸೊಸೆ ಸಂಘಮಿತ್ರ ಒಬ್ಬಳೇ. ಮದುವೆಗೆ ಮುಂಚೆ ಆ ಹುಡುಗಿ ರೇಷ್ಮೆಹುಳು ಕಂಡವಳೇ ಅಲ್ಲ. ಹುಳುಗಳೆಲ್ಲ ಎಲೆ ಬಿಟ್ಟು ತಲೆಯೆತ್ತಿ ಕೂತದ್ದು ನೋಡಿ ಗಾಬರಿಯಾಗಿದ್ದಾಳೆ. ಅತ್ತೆಗೆ ಫೋನ್ ಮಾಡಿದರೆ ಬೆಟ್ಟದಲ್ಲಿ ಸಿಗ್ನಲ್ ಇಲ್ಲ. ಪುಸ್ತಕ ತೆರೆದಳು, 'ಎಲೆ ತಿನ್ನದ ಹುಳು' ಸಿಕ್ಕಿತು. ಒತ್ತುವ ಹಾಗಿಲ್ಲವಲ್ಲ, ಹಾಳೆ ಮಗುಚಿದಳು. ಅಕಾರಾದಿಯ ಪ್ರಕಾರ ಮುಂದಿನ ಪುಟವೇ 'ಕಾಯಿಲೆ ಹುಳು: ಆರಿಸಿ ಸುಟ್ಟುಹಾಕಿ'. ಪೊರೆಯ ಪುಟ ಎಲ್ಲೋ ಪಕಾರದಲ್ಲಿ ಕೂತಿದೆ. ಮಾರನೆಯ ದಿನ ಪೊರೆ ಕಳಚಿ ಎಲೆಗೆ ಮುಗಿಬೀಳಬೇಕಾಗಿದ್ದ ಗಟ್ಟಿಮುಟ್ಟಾದ ಹುಳುಗಳನ್ನು ತಟ್ಟೆ ತಟ್ಟೆಯಾಗಿ ಗುಂಡಿಗೆ ಸುರಿದು ಬೆಂಕಿಯಿಟ್ಟಳು.

ಲಕ್ಕಮ್ಮ ಸೊಸೆಯನ್ನು ಬೈಯಲಿಲ್ಲ. ನೇರ ನಮ್ಮ ಮನೆಗೆ ಬಂದಳು. "ಒತ್ತಿ ಒತ್ತಿ ಅಂತ ಬರ್ದವ್ರೆ, ಎಲ್ಲಿ ಒತ್ತೋದಕ್ಕಾ? ಹಾಳೆ ತೂತ್ ಬೀಳೋಗಂಟ ಒತ್ಬೇಕಾ? ಶಾಮಲಕ್ಕನ್ ಪುಸ್ತಕ ಅಂತ ನಾನೇ ಅವಳ್ ಕೈಗೆ ಕೊಟ್ಟೋಗಿದ್ದೆ ಕಣಕ್ಕಾ" ಅಂದಳು. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

ಅವಳನ್ನೂ ಕರೆದುಕೊಂಡು ಕೇಂದ್ರಕ್ಕೆ ಹೋದೆ. ಈಗ ಅಲ್ಲಿ ಗೋವಿಂದರಾಜು ನೋಡಿಕೊಳ್ಳುತ್ತಾರೆ. "ಪಿಡಿಎಫ್ ಐತಲ್ಲಕ್ಕಾ, ಮೊಬೈಲಲ್ಲಿ ಹುಡುಕಿದ್ರೆ ಸಿಕ್ತದೆ" ಅಂದರು.

"ಹುಡುಕೋಕೆ ಹೆಸರು ಗೊತ್ತಿರ್ಬೇಕಲ್ಲಪ್ಪಾ? ಪೊರೆ ಅಂತ ಗೊತ್ತಿದ್ದಿದ್ರೆ ಆ ಹುಡುಗಿ ಯಾಕೆ ಸುಡ್ತಿದ್ಲು?" ಅಂದೆ.

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಹಳೆಯ ಪುಟಗಳು ಅಲ್ಲಿ ಇನ್ನೂ ಇವೆ. ತೆರೆದು ನೋಡಿದೆ, ಒಂದೊಂದೂ ಹೋಗಬೇಕಾದ ಕಡೆಗೇ ಹೋಗುತ್ತದೆ. ಪುಸ್ತಕ ನಿಲ್ಲಿಸಿ ಇವನ್ನೇ ಮೊಬೈಲಿಗೆ ಹಾಕಿ ಅಂದರೆ, "ಅದು ಪುಸ್ತಕ ಮಾಡಿದ್ ಮೈಸೂರಿನೋರು ಹೇಳ್ಬೇಕಕ್ಕಾ" ಅನ್ನುತ್ತಾರೆ. ಮುಂದಿನ ತಿಂಗಳು ಹೊಸಕೋಟೆ ಕಡೆಗೂ ಹಂಚುತ್ತಾರಂತೆ, ಜಡಿಗೇನಹಳ್ಳಿಯಿಂದ ಶುರುವಂತೆ. ಅಲ್ಲಿ ಇನ್ನೆಷ್ಟು ಗುಂಡಿ ತೋಡುತ್ತಾರೋ!

ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಲಸ ಕೆಲಸ ಎಂದು ನಿದ್ದೆಗೆಡಬೇಡ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಇಬ್ಬರೂ ನೂರ್ಕಾಲ ಸುಖವಾಗಿರಿ.

ನಿನ್ನ ಅಮ್ಮ,
ಶಾಮಲಾ

ತಾ.ಕ.: ಪುಸ್ತಕದ ಒಳಪುಟದಲ್ಲಿ ಸಂಪಾದಕಿ ಎಂದು ನಿನ್ನ ಹೆಸರಿದೆ. ಮೊದಲ ದಿನವೇ ನೋಡಿದೆ. ನನ್ನ ಹೆಸರಿಲ್ಲ ಎಂದು ಬೇಜಾರಿಲ್ಲ. ಅಮ್ಮನನ್ನು ಒಂದು ಮಾತು ಕೇಳೋಣ ಎಂದು ನಿನಗೆ ಅನ್ನಿಸಲೇ ಇಲ್ಲವಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಎಲ್ಲಿಗೂ ಹೋಗದ ಅಕ್ಷರ ಹುಡುಕಿ ತೋರಿಸುತ್ತಿದ್ದವಳು ನೀನೇ ಅಲ್ಲವೇ? ಗೋವಿಂದರಾಜು ಆ ಪುಟ ತೆಗೆದು, "ಇದು ನಿಮ್ ಮಗಳೇ ಅಲ್ವೇನಕ್ಕಾ?" ಎಂದು ಕೇಳಿದರು. ಲಕ್ಕಮ್ಮ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. "ಅಲ್ಲಪ್ಪಾ, ಅಕ್ಷತ ಅನ್ನೋರು ಎಷ್ಟು ಜನ ಇಲ್ಲ" ಅಂದುಬಿಟ್ಟೆ.