ಕಿಟಕಿ ಪಕ್ಕದ ನನ್ನ ಸೀಟು

ಬಣಕಲ್
೧೪ ಮಾರ್ಚ್ ೨೦೨೫, ಶುಕ್ರವಾರ

ಪ್ರೀತಿಯ ಶಶಿಯವರಿಗೆ,

ಪ್ರೀತಿಯ ಎಂದು ಬರೆದದ್ದು ರೂಢಿಯಿಂದ, ಹಿಗ್ಗಬೇಡಿ. ಆರೋಗ್ಯ ಹೇಗಿದೆ? ಪ್ಯಾರಿಸ್ಸಿನ ಚಳಿಗೆ ಮೊಣಕಾಲು ಹಿಡಿದುಕೊಂಡಿದೆ ಎಂದು ಫೋನಿನಲ್ಲಿ ಗೋಳಾಡಿದಿರಲ್ಲ, ನೋವಿನೆಣ್ಣೆ ನಿಮ್ಮ ಸೂಟ್‌ಕೇಸಿನ ಒಳಜೇಬಿನಲ್ಲೇ ಇತ್ತು. ನಾನೇ ಇಟ್ಟಿದ್ದೆ, ಇಬ್ಬರಿಗೂ ಆಗಲಿ ಎಂದು. ಭಾನುವಾರ ನೀವು ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಸಿಗಲಿ ಎಂದು ಈ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಸಿಗ್ನಲ್ ಇಲ್ಲ ಎನ್ನುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತೀರಿ. ಇದನ್ನಾದರೂ ಕೂತು ಪೂರ್ತಿ ಓದಿ.

ಅತ್ತೆ ಚೆನ್ನಾಗಿದ್ದಾರೆ. ಶುಗರ್ ಹತೋಟಿಯಲ್ಲಿದೆ, ನಾಲಿಗೆ ಎಂದಿನಂತೆ ಹತೋಟಿಯಲ್ಲಿಲ್ಲ. ತೋಟದ ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಡುವಿನದನ್ನೆಲ್ಲ ಹಾರಿಸಿ ಅದನ್ನೇ ಹುಡುಕುತ್ತೀರಿ. ರೋಬಸ್ಟಾ ಕಾಫಿಯ ಹೂ ಚೆನ್ನಾಗಿ ಬಂತು. ಮೊನ್ನೆ ಬುಧವಾರ ಬೆಳಗ್ಗೆ ಎದ್ದು ನೋಡಿದರೆ ಗೇಟಿನಿಂದ ಹಳ್ಳದವರೆಗೂ ಬೆಳ್ಳಗೆ, ವಾಸನೆಗೆ ತಲೆ ತಿರುಗುವ ಹಾಗೆ. ಮೇಸ್ತ್ರಿ ಬಾಲರಾಜ್ ಕೈಕಟ್ಟಿ ನಿಂತು, "ಅಮ್ಮಾವ್ರೆ, ಈ ಸಲದ ಹೂ ನಿಮ್ದೇ" ಎಂದ. ನನ್ನದೇ. ನೀವು ಹೊರಡುವ ಹಿಂದಿನ ಸಂಜೆ ಬಂದ ಆ ದರಿದ್ರ ಹನಿಮಳೆ ನೆನಪಿದೆ ತಾನೆ? ಮೊಗ್ಗನ್ನು ಎಬ್ಬಿಸುವಷ್ಟು ಬಂತು, ಅರಳಿಸುವಷ್ಟು ಬರಲಿಲ್ಲ. ಕೂಡಲೇ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಪೂರ್ತಿ ಮಾಡದಿದ್ದರೆ ಮೊಗ್ಗೆಲ್ಲ ಗಿಡದಲ್ಲೇ ಕರಟಿ ವರ್ಷದ ಫಸಲು ಮಣ್ಣುಪಾಲು. ಆ ನೀರನ್ನು ನಾನೂ ಬಾಲರಾಜನೂ ಹಾಕಿದ್ದೇವೆ. ಕರೆಂಟು ಬಂದಾಗ ಓಡುವುದು, ಹೋದಾಗ ಕಾಯುವುದು, ಪೈಪು ಹೊತ್ತು ಮುಂದಿನ ಬ್ಲಾಕಿಗೆ ಹೋಗುವುದು. ನೀವು ಅಷ್ಟು ಹೊತ್ತಿಗೆ ಯಾವುದೋ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಿರಿ.

ನನಗೆ ಸಿಟ್ಟು ಬಂದಿರುವುದು ಮಳೆಯ ಮೇಲಲ್ಲ. ಈ ತಿಂಗಳುಗಳಲ್ಲಿ ನಮ್ಮ ಕಡೆ ಕಾಫಿ ಬೆಳೆಯುವವರು ಯಾರಾದರೂ ಒಂದು ದಿನ ನಿಗದಿ ಮಾಡುತ್ತಾರೆಯೇ? ಯಾರು ಏನು ಕೇಳಿದರೂ "ಹೂಮಳೆ ನೋಡ್ಕೊಂಡು ಹೇಳ್ತೀವಿ" ಎನ್ನುವ ಜನ ನಾವು. ನಿಮ್ಮ ತಂಗಿಯ ನಿಶ್ಚಿತಾರ್ಥವನ್ನೇ ಸ್ಪ್ರಿಂಕ್ಲರ್ ಮುಗಿಯಲಿ ಎಂದು ಮುಂದೆ ಹಾಕಿಸಿದವರು ನೀವು. ಅಂಥವರು ಯುರೋಪಿನ ಅಷ್ಟೂ ರೈಲುಗಳಿಗೆ ದಿನ, ಗಂಟೆ, ಸೀಟು ಸಮೇತ ಒಂದೊಂದೇ ಟಿಕೆಟ್ ತೆಗೆದು ಕೂತಿರಿ, ವಾಪಸ್ ಕೊಡಲಾಗದ ಟಿಕೆಟ್. ನಾನು ಬೇಡ ಬೇಡ ಎಂದು ಬಡಿದುಕೊಂಡೆ. ರೈಲಿನ ಪಾಸು ತೆಗೆದುಕೊಳ್ಳೋಣ, ಬೇಕಾದ ದಿನ ಬೇಕಾದ ರೈಲು ಹತ್ತಬಹುದು, ಪಾಸು ತಿಂಗಳುಗಟ್ಟಲೆ ನಮಗಾಗಿ ಕಾಯುತ್ತದೆ, ನಾವು ಮೊದಲ ರೈಲು ಹತ್ತಿದ ದಿನದಿಂದ ಅದರ ಲೆಕ್ಕ ಶುರುವಾಗುತ್ತದೆ ಎಂದೆ. ನಿಮ್ಮ ಸ್ನೇಹಿತ ದಯಾನಂದ, ಒಂದೇ ಒಂದು ಸಲ ಯುರೋಪಿಗೆ ಹೋಗಿಬಂದು ಆ ಖಂಡವನ್ನೇ ಬರೆಸಿಕೊಂಡವರ ಹಾಗೆ ಆಡುವ ಮನುಷ್ಯ, ನಮ್ಮ ಜಗಲಿಯಲ್ಲಿ ಕೂತು ನನ್ನ ಕೈಯ ಕಾಫಿ ಕುಡಿಯುತ್ತಾ, "ಪಾಸು ದುಬಾರಿ ಕಣೋ, ದೊಡ್ಡ ರೈಲುಗಳಲ್ಲಿ ಪಾಸಿದ್ರೂ ಸೀಟಿಗೆ ಬೇರೆ ಕೊಡ್ಬೇಕು" ಎಂದರು. ಅವರು ಹೇಳಿದ್ದು ನಿಜ. ಹೇಳಿದ ದಿನ ಹೇಳಿದ ಊರಿಗೆ ಹೋಗುವವರಿಗೆ ಮೊದಲೇ ತೆಗೆದ ಟಿಕೆಟ್ಟೇ ಅಗ್ಗ, ನಾನೂ ಓದಿ ನೋಡಿದ್ದೇನೆ. ಆದರೆ ಕಾಫಿ ಗಿಡ ಇಟ್ಟುಕೊಂಡವರು ಹೇಳಿದ ದಿನ ಹೋಗುವುದು ಹೇಗೆ ಎಂದು ಕೇಳಿದರೆ ಇಬ್ಬರೂ ನಕ್ಕಿರಿ. "ರೈಲಿನವರ ಮಗಳು, ಪಾಸು ಬಿಟ್ರೆ ಬೇರೆ ಗೊತ್ತಿಲ್ಲ" ಎಂದಿರಿ.

ಹೌದು, ರೈಲಿನವರ ಮಗಳೇ. ಬೀರೂರು ಜಂಕ್ಷನ್ನಿನಲ್ಲಿ ಅಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು, ನಮಗೆ ರೈಲ್ವೆ ಪಾಸಿತ್ತು. ಹುಬ್ಬಳ್ಳಿಗೆಂದು ಹೊರಟರೆ ದಾವಣಗೆರೆಯಲ್ಲಿ ಇಳಿದು ಸೋದರತ್ತೆಯ ಮನೆಯಲ್ಲಿ ಉಂಡು ಮರುದಿನದ ಗಾಡಿ ಹತ್ತುತ್ತಿದ್ದೆವು. "ಇಳೀಬೇಕು ಅನ್ಸಿದ್ರೆ ಇಳೀರಿ, ಪಾಸೈತಲ್ಲ" ಎನ್ನುತ್ತಿದ್ದರು ಅಪ್ಪ. ಮದುವೆಯಾಗಿ ರೈಲಿನ ಸದ್ದೇ ಕೇಳದ ಈ ಗುಡ್ಡಕ್ಕೆ ಬಂದೆ, ಬೇಸರಪಡಲಿಲ್ಲ. ಜೀವಮಾನದಲ್ಲಿ ಒಂದು ಸಲ, ಗೊತ್ತಿಲ್ಲದ ದೇಶದ ಸಣ್ಣ ಸ್ಟೇಷನ್ನಿನಲ್ಲಿ ಮನಸ್ಸು ಬಂದು ಇಳಿಯಬೇಕು ಎಂದು ಆಸೆಪಟ್ಟೆ. ಅದೂ ನಿಮ್ಮ ಜೊತೆಗೇ. ಇದನ್ನು ನಿಮಗೆ ಹೇಳಿದ್ದೇನೆ, ಒಂದಲ್ಲ ಹತ್ತು ಸಲ.

ಹೊರಡುವ ದಿನ ಬೆಳಗ್ಗೆ ಅಂಗಳದಲ್ಲಿ ಕಾರಿನ ಡಿಕ್ಕಿ ತೆರೆದೇ ಇತ್ತು. ಒದ್ದೆ ಮೊಗ್ಗನ್ನು ಬೆರಳಲ್ಲಿ ಒತ್ತಿ ನೋಡಿ ಬಂದಿರಿ. "ತೋಟದಲ್ಲಿ ಒಬ್ರು ಇರ್ಲೇಬೇಕಲ್ಲ ಮಾರಾಯ್ತಿ" ಎಂದಿರಿ. ಆ ಒಬ್ಬರು ಯಾರು ಎಂದು ನೀವು ಕೇಳಲೂ ಇಲ್ಲ. "ಇಬ್ರ ಟಿಕೆಟ್ಟೂ ಯಾಕೆ ಹಾಳಾಗ್ಬೇಕು" ಎಂದು ನನ್ನ ಸೂಟ್‌ಕೇಸನ್ನು ನೀವೇ ಕೆಳಗಿಳಿಸಿದಿರಿ. ಅಂಗಳದಲ್ಲಿ ಎಷ್ಟು ಜೋಪಾನವಾಗಿ ಇಟ್ಟಿರಿ, ಕೆಸರು ತಾಗಬಾರದೆಂದು! ಆ ಜೋಪಾನ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಷ್ಟಾದರೂ ನಾನು ಪೈಪು ಹೊರಲು ಹೋದೆ. ಆಮೇಲೆ ನೀವು ಆ ಫೋಟೋ ಕಳಿಸಿದಿರಿ. ರೈಲಿನಲ್ಲಿ ಕಿಟಕಿ ಪಕ್ಕದ ನನ್ನ ಸೀಟು, ಅದರ ಮೇಲೆ ನಿಮ್ಮ ಜರ್ಕಿನ್ನು, ಬಾಳೆಹಣ್ಣಿನ ಸಿಪ್ಪೆ. ಕೆಳಗೆ ಬರೆದಿದ್ದಿರಿ, "ನಿನ್ನ ಟಿಕೆಟ್ ವೇಸ್ಟ್ ಆಗ್ಲಿಲ್ಲ ನೋಡು." ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೆಸರುಗಾಲಲ್ಲಿ ಕೂತು ಅದನ್ನು ನೋಡಿದೆ. ತಮಾಷೆ ಎಂದು ನಿಮಗನಿಸಿರಬೇಕು. ನಾನು ಅತ್ತುಬಿಟ್ಟೆ, ಶಶಿಯವರೇ. ಬಾಲರಾಜ್ ನೋಡಬಾರದೆಂದು ಪೈಪಿನ ನೀರಲ್ಲಿ ಮುಖ ತೊಳೆದುಕೊಂಡೆ. ಮರುದಿನ ಮೊದಲ ರೈಲು ತಡವಾಗಿ, ಬೇರೆ ಕಂಪನಿಯ ಎರಡನೆಯ ರೈಲು ತಪ್ಪಿ, ಆ ಟಿಕೆಟ್ ಕಸವಾಯಿತೆಂದು ನೀವು ಫೋನಿನಲ್ಲಿ ಕೂಗಾಡಿದಾಗ ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ.

ಬಿಸಿನೀರು ಕಾಯಿಸಿಕೊಂಡು ಸ್ನಾನ ಮಾಡಿ. ಅಕ್ಕಿರೊಟ್ಟಿ ಹಿಟ್ಟು ಫ್ರಿಜ್ಜಿನಲ್ಲಿದೆ. ಅತ್ತೆಯ ಮಾತ್ರೆ ತಪ್ಪಿಸಬೇಡಿ. ದಯಾನಂದರಿಗೆ ನನ್ನ ನಮಸ್ಕಾರ ಹೇಳಬೇಡಿ.

ಇನ್ನೂ ನಿಮ್ಮವಳೇ ಆದ
ರೂಪಶ್ರೀ

ತಾ.ಕ.: ಬೀರೂರಿಗೆ ಹೋಗಿ ರೈಲು ಹಿಡಿಯಬೇಕು, ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ನನ್ನ ವಿಮಾನದ ಟಿಕೆಟನ್ನು ನೀವು ಹೊರಟ ದಿನವೇ ಮುಂದಕ್ಕೆ ಹಾಕಿಸಿದ್ದೆ. ನನ್ನ ವೀಸಾಕ್ಕೆ ಈ ತಿಂಗಳ ಕೊನೆಯವರೆಗೆ ಅವಧಿಯಿದೆ. ಪಾಸು ತೆಗೆದುಕೊಂಡಿದ್ದೇನೆ, ಒಬ್ಬಳಿಗೆ. ನೀವು ಇದನ್ನು ಓದುವ ಹೊತ್ತಿಗೆ ನಾನು ಯುರೋಪಿನ ಯಾವುದಾದರೂ ರೈಲಿನಲ್ಲಿರುತ್ತೇನೆ. ಎಲ್ಲಿ ಇಳಿಯುತ್ತೀಯ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಅತ್ತೆಗೆ ಎಲ್ಲ ಗೊತ್ತು, ದಾರಿಗೆಂದು ಕೋಡುಬಳೆ ಕಟ್ಟಿಕೊಟ್ಟವರು ಅವರೇ. ಯುಗಾದಿಗೆ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಹೂವಿನ ಮೇಲೆ ಮತ್ತೊಂದು ಮಳೆ ಇನ್ನೂ ಬಂದಿಲ್ಲ, ಮುಂದಿನ ವಾರದೊಳಗೆ ಬಾರದಿದ್ದರೆ ಕಾಯಿ ಕಚ್ಚಲು ಪುನಃ ಸ್ಪ್ರಿಂಕ್ಲರ್ ಹಾಕಬೇಕು. ಪೈಪುಗಳನ್ನು ಮೇಲಿನ ಬ್ಲಾಕಿನಲ್ಲಿ ಜೋಡಿಸಿಟ್ಟಿದ್ದೇನೆ, ಪಂಪ್‌ಹೌಸಿನ ಕೀಲಿ ಈ ಕಾಗದದ ಮೇಲೆಯೇ ಇದೆ. ನನ್ನ ಹಿಂದೆಯೇ ಬರುತ್ತೇನೆಂದು ಹೊರಡಬೇಡಿ. ತೋಟದಲ್ಲಿ ಒಬ್ರು ಇರ್ಲೇಬೇಕಲ್ಲ, ಮಾರಾಯ್ರೆ.