ಬಿದ್ದೀತು, ಬಿದ್ದಿತು

ಜುಲೈ ೩, ೨೦೨೪. ಬೆಳಿಗ್ಗೆ ೬.೩೦

ನಿನ್ನೆಯ ಬರಹಕ್ಕೆ ತಿದ್ದುಪಡಿ. ‘ಪಕ್ಕದ ಮನೆಯ ಸಪ್ಪಲಮ್ಮನ ತೆಂಗಿನಮರದಿಂದ ನಮ್ಮ ಅಂಗಳಕ್ಕೆ ಯಾವಾಗಲೂ ಕಾಯಿ ಬೀಳುತ್ತದೆ’ ಎಂದು ಬರೆದಿದ್ದೆ. ‘ಯಾವಾಗಲೂ’ ತಪ್ಪು. ನವೆಂಬರಿನಿಂದ ಎಣಿಸಿದ್ದೇನೆ — ಒಂಬತ್ತು ಕಾಯಿ. ‘ಆಗಾಗ’ ಎಂದಿರಬೇಕು. ಮರ ಕಡಿಸಲು ಪಾಲಿಕೆಗೆ ಕೊಡುವ ಅರ್ಜಿಯಲ್ಲಿ ಇಂಥ ಸಡಿಲ ಮಾತು ಕೂಡದು. ಕಡಿಸುವುದಂತೂ ಖಂಡಿತ.

ಜುಲೈ ೪. ಸಂಜೆ ೬

ಅರ್ಜಿಯ ಒಕ್ಕಣೆ, ಕಾಯಿಯ ಲೆಕ್ಕ ಎರಡನ್ನೂ ಪಕ್ಕದ ಮನೆಗೆ ತಿಳಿಸಿದೆ. ಸಪ್ಪಲಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು.

“ಗೃಹಪ್ರವೇಶದ ದಿನ ನಮ್ಮನೆಯವರು ನೆಟ್ಟಿದ್ದು ಮೇಷ್ಟ್ರೇ. ಅವ್ರೇ ಹೋದ್ರು, ಇದೊಂದು ಉಳ್ಕೊಂಡಿದೆ. ಅಷ್ಟಕ್ಕೂ ನಿಮ್ಮ ತಲೆ ಮೇಲೆ ಬಿದ್ರೆ ಒಡೆಯೋದು ಕಾಯೀನೇ!”

ಅವರ ಮಗಳು ಶಾಲಿನಿ ನಕ್ಕಳು. ಹಿಂದೆ ನನ್ನ ವಿದ್ಯಾರ್ಥಿನಿ. ಈಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳಂತೆ.

“ಆಗಾಗ ಅಂದ್ರೆ ಎಷ್ಟು ಸಾರ್? ಇನ್ನೂರ ನಲವತ್ತು ಚಿಲ್ಲರೆ ದಿನಕ್ಕೆ ಒಂಬತ್ತು. ಒಂದಿನ ಬೀಳೋ ಸಂಭವ ನೂರಕ್ಕೆ ನಾಲ್ಕೂ ಇಲ್ಲ.”

ನಾನು ಬಿಡಲಿಲ್ಲ. “ಟ್ರಾನ್ಸ್‌ಫಾರ್ಮರ್ ಶಾಕ್ ಹೊಡೆಯುತ್ತದೆ ಎನ್ನುತ್ತೇವೆ. ಈ ರಸ್ತೆಯಲ್ಲಿ ಹೋಗುವ ಒಬ್ಬರಿಗೂ ಹೊಡೆದಿಲ್ಲ. ಹಾಗಾದರೆ ಸುಳ್ಳೇ?”

“ಹೋಗೋರನ್ನಲ್ಲ ಸಾರ್, ಮುಟ್ಟಿದೋರನ್ನ ಎಣಿಸ್ಬೇಕು. ಮುಟ್ಟಿದ್ರೆ ಹೊಡೆಯೋ ಸಂಭವ ಜಾಸ್ತಿ, ಅದಕ್ಕೇ ಆ ಮಾತು ನಿಜ. ಕಾಯಿ ಬೀಳುತ್ತೆ ಅನ್ನಿ, ಒಪ್ತೀನಿ. ಬಿದ್ದ ಒಂಬತ್ತರಲ್ಲಿ ತಲೆ ಮೇಲೆ ಬಿದ್ದಿದ್ದೆಷ್ಟು?”

ಸೊನ್ನೆ. ಉದ್ಧಟ ಹುಡುಗಿ... ತರ್ಕ ಮಾತ್ರ ಸರಿ.

ಜುಲೈ ೫. ಮಧ್ಯಾಹ್ನ ೧

ಅರ್ಜಿ ಕೊಟ್ಟು ಬಂದೆ. ‘ತಲೆಯ ಮೇಲೆ ಬೀಳುತ್ತದೆ’ ಎಂಬುದನ್ನು ಹೊಡೆದು ‘ಬಿದ್ದೀತು’ ಎಂದು ಮಾಡಿದೆ. ಸಂಭಾವನಾರ್ಥಕ. ಬಿದ್ದಿದೆ ಎನ್ನುವುದಿಲ್ಲ, ಬೀಳದು ಎನ್ನುವುದೂ ಇಲ್ಲ. ಅವಳ ಶಾಸ್ತ್ರವೆಲ್ಲ ಒಂದು ದೀರ್ಘದಲ್ಲಿ ಅಡಕ. ಅವಳಿಗೆ ಕೇಳಿಸುವಂತೆ ಕಾಂಪೌಂಡಿನ ಬಳಿ ನಿಂತು ಓದಿದೆ.

ಜುಲೈ ೧೫. ಬೆಳಿಗ್ಗೆ ೧೧.೨೦

ಆದೇಶದ ಪ್ರತಿ ಬಂತು. ‘ಅರ್ಜಿದಾರರ ತಲೆಯ ಮೇಲೆ ಕಾಯಿ ಬಿದ್ದಿತು ಎಂದು ತಿಳಿಸಿರುವುದರಿಂದ, ಸ್ಥಳ ಪರಿಶೀಲನೆಯಿಲ್ಲದೆ ತುರ್ತಾಗಿ ತೆರವುಗೊಳಿಸುವುದು.’

ಟೈಪ್ ಮಾಡಿದವನು ದೀರ್ಘ ನುಂಗಿದ್ದಾನೆ. ಕೆಳಗೆ ಫೋನ್ ನಂಬರಿದೆ. ಮಾಡಲಿಲ್ಲ. ತಪ್ಪು ನನ್ನದಲ್ಲ.

ಜುಲೈ ೧೯

ಎಂಟಕ್ಕೇ ಇಬ್ಬರು ಬಂದರು. ಒಬ್ಬ ಮರ ಹತ್ತಿದ. ಸಪ್ಪಲಮ್ಮ ಬೈಯುತ್ತಾರೆಂದು ಉತ್ತರ ಸಿದ್ಧಪಡಿಸಿಕೊಂಡಿದ್ದೆ. ಬೈಯಲಿಲ್ಲ.

“ಯಾವಾಗ ಬಿತ್ತು ಮೇಷ್ಟ್ರೇ? ಒಂದು ಮಾತು ಹೇಳ್ಬಾರ್ದಿತ್ತಾ, ಅರಿಶಿನ ಅರೆದು ಕೊಡ್ತಿದ್ದೆ.”

ಶಾಲಿನಿಯ ಕೈಯಲ್ಲೂ ಆದೇಶದ ಪ್ರತಿ. “ದೀರ್ಘ ಬಿಟ್ಟಿದ್ದಕ್ಕೆ ನಂಗೆ ಅರ್ಧ ಮಾರ್ಕ್ಸ್ ಕಳೆದಿದ್ರಿ ಸಾರ್. ಇದಕ್ಕೆಷ್ಟು?”

ಮೇಲಿನಿಂದ ಕೂಗು: “ಅಂಕಲ್, ಪಕ್ಕಕ್ಕೆ ಹೋಗಿ! ತಲೆ ಮೇಲೆ ಬೀಳುತ್ತೆ!”

ಒಳಗೆ ಬಂದು ಕುಳಿತೆ. ಗೊನೆಗಳು ಬೀಳುತ್ತಿವೆ. ಸುಳಿಗೆ ಇನ್ನೂ ಮಚ್ಚು ತಾಗಿಲ್ಲ; ತಾಗಿದರೆ ಮರ ಉಳಿಯದು. ಫೋನ್ ಎದುರಿಗಿದೆ, ನಂಬರ್ ಒತ್ತಿದ್ದೇನೆ. ಹೇಳಬೇಕಾದದ್ದು ಇಷ್ಟೇ — ಆದೇಶದ ಮೊದಲ ಸಾಲಿನಲ್ಲಿ ‘ಬಿದ್ದಿತು’ ಎಂಬುದನ್ನು

ಜುಲೈ ೧೯, ೨೦೨೪. ಬೆಳಿಗ್ಗೆ ೮.೪೭