ನಾನು ನಿಂತೆ, ನನ್ನ ಚುಕ್ಕಿ ಗುರಿ ಮುಟ್ಟಿತು

ಮಾನ್ಯ ರೇಸ್ ನಿರ್ದೇಶಕರೇ,

ನಿಮ್ಮ ಬೆಟ್ಟದ ಸೈಕಲ್ ರೇಸನ್ನು ನಾನು ಮುಗಿಸಿಲ್ಲ. ಅರ್ಧಕ್ಕೇ ಬಿಟ್ಟೆ. ಆದರೂ ನಿಮ್ಮ ವೆಬ್‌ಸೈಟಿನಲ್ಲಿ, ಮುಗಿಸಿದವರ ಸಾಲಿನ ಕಟ್ಟಕಡೆಗೆ, ನನ್ನ ಹೆಸರು ರಾಜಾರೋಷವಾಗಿ ಕೂತಿದೆ. ತೆಗೆಯಿರಿ ಎಂದು ಮೇಲ್ ಮೇಲೆ ಮೇಲ್ ಕಳಿಸಿದೆ. "ಸಾಧನದ ದಾಖಲೆಯೇ ಅಂತಿಮ" ಎಂದು ಒಂದೇ ಸಾಲಿನ ಉತ್ತರ ಬಂತು, ಅದರ ಬೆನ್ನಿಗೇ ಕೊರಿಯರ್‌ನಲ್ಲಿ ಪದಕವೂ ಬಂತು. ಫೋನ್ ಮಾಡಿದರೆ ನಿಮ್ಮ ಆಫೀಸಿನ ಮೇಡಂ ನಕ್ಕುಬಿಟ್ಟರು. "ಮೆಡಲ್ ಬಂದಿಲ್ಲ ಅಂತ ಜಗಳ ಆಡೋರನ್ನ ನೋಡಿದೀನಿ ಕಣಮ್ಮ. ಬಂತು ಅಂತ ಜಗಳ ಆಡ್ತಿರೋಳು ನೀನೊಬ್ಳೇ." ಆದ್ದರಿಂದ ಹೀಗೆ ಎಲ್ಲರೆದುರು ಬರೆಯಬೇಕಾಯಿತು. ಕನ್ನಡದಲ್ಲಿ ತಪ್ಪಿದ್ದರೆ ಸಾರಿ. ನಾನು ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷಿನಲ್ಲಿ ಓದಿದವಳು, ಈಗ ಕಾಲೇಜಿನ ಮೊದಲ ವರ್ಷ. ಸಿಟ್ಟು ಬರೋದು ಮಾತ್ರ ಮನೆಮಾತಿನಲ್ಲೇ.

ಹೊರಡುವ ಮುಂಚೆ ನಿಮ್ಮವರು ಎಲ್ಲರ ಹ್ಯಾಂಡಲ್‌ಗೂ ಬೆಂಕಿಪೊಟ್ಟಣದಷ್ಟು ಒಂದು ಟ್ರ್ಯಾಕರ್ ಕಟ್ಟಿದರು. ನಾವು ಹೋದಂತೆಲ್ಲ ನಕ್ಷೆಯ ಮೇಲೆ ಕೆಂಪು ಚುಕ್ಕಿ ಹೋಗುತ್ತದೆ, ಮನೆಯವರು ಕೂತಲ್ಲೇ ನೋಡಬಹುದು. "ನೀವೆಂದೂ ಒಂಟಿಯಲ್ಲ" ಎಂದು ಅದರ ಮೇಲೆ ಅಚ್ಚು ಹಾಕಿಸಿದ್ದೀರಿ. ಯಾರ ಐಡಿಯಾ ಸರ್ ಅದು? ಅವರು ಯಾವತ್ತಾದರೂ ನಿಮ್ಮ ಬೆಟ್ಟ ಹತ್ತಿದ್ದಾರಾ?

ಮೊದಲ ಏರಿನಲ್ಲೇ ಗುಂಪು ನನ್ನ ಕೈಬಿಟ್ಟಿತು. ಎರಡನೇ ಚೆಕ್‌ಪಾಯಿಂಟ್ ದಾಟಿದ ಮೇಲೆ ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಜಲ್ಲಿಕಲ್ಲು, ಬಿಸಿಲು, ನನ್ನದೇ ಚೈನಿನ ಕಟಕಟ. ಒಂದು ತಿರುವಿನಲ್ಲಿ ಒಂಟಿ ಮನೆ ಸಿಕ್ಕಿತು, ಅದರ ಹಿತ್ತಿಲ ಗೋಡೆ ದಾರಿಗೇ ತಾಗಿಕೊಂಡಿತ್ತು. ನೀರು ಕುಡಿಯಲು ನಿಂತೆ. ಗೋಡೆಯಾಚೆ ಜಗಳ.

"ಗೇಟು ತೆಗೆದಿಟ್ಟೋರು ಯಾರು?"

"ನಾನಲ್ಲಪ್ಪ. ಕೊನೆಗೆ ಬಂದಿದ್ದು ಅಕ್ಕ!"

"ಸುಳ್ಳುಬುರುಕ! ಅಮ್ಮಾ, ನೋಡಮ್ಮ ಇವನ್ನ!"

"ಇಬ್ರೂ ಬಾಯ್ಮುಚ್ಕೊಂಡು ಊಟಕ್ಕೆ ಬನ್ನಿ. ಆಮೇಲೆ ಪಂಚಾಯ್ತಿ."

ಗೇಟು ತೆಗೆದಿಟ್ಟವರು ಯಾರು ಅಂತ ಗೊತ್ತಾಗೋವರೆಗೆ ಹೋಗಬಾರದು ಅನ್ನಿಸಿತು. ಗೊತ್ತಾಗಲೇ ಇಲ್ಲ. ತಟ್ಟೆಗಳ ಸದ್ದು ಬಂತು, ಯಾರೋ ನಕ್ಕರು, ಆ ಸುಳ್ಳುಬುರುಕ ಇನ್ನೊಂದ್ಸಲ ಬಡಿಸಮ್ಮ ಅಂದ. ಆಮೇಲೆ ನನಗೆ ಪೆಡಲ್ ಮೇಲೆ ಕಾಲಿಡಲು ಆಗಲಿಲ್ಲ. ಸೈಕಲ್ ತಳ್ಳಿಕೊಂಡು ಚೆಕ್‌ಪಾಯಿಂಟಿಗೆ ವಾಪಸ್ ನಡೆದೆ.

ಅಲ್ಲಿದ್ದ ನಿಮ್ಮ ಸ್ವಯಂಸೇವಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾಲು ಹೋಯ್ತಾ?"

"ಇಲ್ಲ ಸರ್."

"ಸೈಕಲ್ ಹೋಯ್ತಾ?"

"ಇಲ್ಲ."

"ಮತ್ತೆ ಹೋಗಿದ್ದಾದ್ರೂ ಏನಮ್ಮ?"

ಎಷ್ಟು ಒಳ್ಳೆಯ ಪ್ರಶ್ನೆ! ಉತ್ತರಕ್ಕೆ ಕಾಯುವ ಪುರುಸೊತ್ತು ಅವರಿಗಿರಲಿಲ್ಲ ಅಷ್ಟೆ. ಟ್ರ್ಯಾಕರ್ ಬಿಚ್ಚಿ, ಆಫ್ ಮಾಡದೆ (ಅದು ನನಗೆ ಗೊತ್ತಾದದ್ದು ಆಮೇಲೆ), ಎಲ್ಲರ ಹಿಂದೆ ನಿಧಾನಕ್ಕೆ ಬರುವ ನಿಮ್ಮ ಬೈಕಿನವರ ಚೀಲಕ್ಕೆ ಹಾಕಿದರು. ಬೈಕು ಬೆಟ್ಟ ಹತ್ತಿತು. ಚೀಲದೊಳಗೆ ನಾನೂ ಹತ್ತಿದೆ.

ಇತ್ತ ನನಗೆ, "ಗಾಡಿ ಬರತ್ತೆ, ಇಲ್ಲೇ ಕೂತಿರು" ಎಂದು ಹೇಳಿ, ಮೇಜು ಮಡಚಿಕೊಂಡು ಎಲ್ಲರೂ ಹೊರಟುಹೋದರು. ಬೀಗ ಹಾಕಿದ ಒಂದು ಶಾಲೆಯ ಮೆಟ್ಟಿಲ ಮೇಲೆ ಕೂತೆ. ಕೈಯಲ್ಲಿ ಫೋನಿತ್ತು, ಸಿಗ್ನಲ್ಲೂ ಇತ್ತು. ಮನೆಗೆ ನೀನೇ ಮಾಡಬಹುದಿತ್ತಲ್ಲ ಎನ್ನುತ್ತೀರಿ, ಗೊತ್ತು. ಹಾಸ್ಟೆಲಿನಲ್ಲಿ ಬೆಳೆದವರಿಗೆ ಫೋನ್ ಮಾಡಿ ಅಭ್ಯಾಸವಿಲ್ಲ ಸರ್, ಬರುವ ಫೋನಿಗೆ ಕಾದು ಅಭ್ಯಾಸ. ಭಾನುವಾರ ವಾರ್ಡನ್ ರೂಮಿನ ಹೊರಗೆ ಸಾಲಾಗಿ ಕೂತು, ಹೆಸರು ಕೂಗಿದರೆ ಓಡುವುದು. ನನ್ನ ಲೆಕ್ಕಾಚಾರ ಸಿಂಪಲ್ ಆಗಿತ್ತು. ಚುಕ್ಕಿ ನಿಂತಿದೆ. ಅಪ್ಪ ನೋಡುತ್ತಾರೆ. ಯಾಕೆ ನಿಂತಳು ಅಂತ ಗಾಬರಿಯಾಗಿ ಫೋನ್ ಮಾಡುತ್ತಾರೆ.

ಮಾಡಲಿಲ್ಲ. ಯಾಕೆ ಮಾಡುತ್ತಾರೆ? ಮಗಳು ಬೆಟ್ಟ ಹತ್ತುತ್ತಿದ್ದಾಳೆ, ಡಿಸ್ಟರ್ಬ್ ಮಾಡಬಾರದಲ್ಲ!

ನಮ್ಮಪ್ಪ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವರು. ರೋಗಿಯನ್ನು ಫಲಕಕ್ಕೆ ಒರಗಿಸಿ, ಗಾಜಿನ ಹಿಂದೆ ಹೋಗಿ, "ಉಸಿರು ಬಿಗಿ ಹಿಡ್ಕೊಳ್ಳಿ" ಎನ್ನುವುದು ಅವರ ಕೆಲಸ. ಅವತ್ತು ಡ್ಯೂಟಿಯಲ್ಲಿದ್ದುಕೊಂಡೇ ನಕ್ಷೆ ನೋಡುತ್ತಾ ಅದನ್ನೇ ಚುಕ್ಕಿಗೆ ಹೇಳಿದರಂತೆ. ಕೊನೆಯ ಏರಿನಲ್ಲಿ, ಇಡೀ ವಾರ್ಡಿಗೆ ಕೇಳುವ ಹಾಗೆ, "ಉಸಿರು ಹಿಡ್ಕೋ ಪುಟ್ಟಿ, ಇನ್ನೊಂಚೂರು!" ಅಂತ. ಚುಕ್ಕಿ ಗೆರೆ ದಾಟಿದ ಮೇಲೆ ಫೋನ್ ಬಂತು.

"ಮುಗಿಸೇಬಿಟ್ಯಲ್ಲೇ!"

"ಅಪ್ಪಾ, ನಾನು ಬಿಟ್ಬಿಟ್ಟೆ. ಮಧ್ಯದಲ್ಲೇ."

"ಸುಮ್ನಿರೇ. ನಾನೇ ಕಣ್ಣಾರೆ ನೋಡಿದೀನಿ."

ಎಲ್ಲಿ ನೋವು ಅಂತ ಕೇಳಿದರೆ ಜನ ಎಲ್ಲೋ ಕೈ ತೋರಿಸ್ತಾರೆ, ಫಿಲ್ಮ್ ಮಾತ್ರ ಸುಳ್ಳು ಹೇಳಲ್ಲ ಅನ್ನುವುದು ಅಪ್ಪನ ಸಿದ್ಧಾಂತ. ನಾನು ಆಮೇಲೂ ಹೇಳಿದೆ. ಅತ್ತುಕೊಂಡೂ ಹೇಳಿದೆ. ಸುಸ್ತಿಗೆ ಹಾಗನ್ನಿಸತ್ತೆ, ಮಲಕ್ಕೋ ಅಂದರು. ಈಗ ಆ ನಕ್ಷೆಯನ್ನು ಪ್ರಿಂಟ್ ತೆಗೆದು ಫಿಲ್ಮ್ ನೋಡುವ ಲೈಟ್‌ಬಾಕ್ಸಿಗೆ ಸಿಕ್ಕಿಸಿದ್ದಾರೆ. ಯಾರದೋ ಮುರಿದ ಪಕ್ಕೆಲುಬಿನ ಪಕ್ಕದಲ್ಲಿ ನನ್ನ ಗೆಲುವು ಬೆಳಗುತ್ತಿದೆ. ನನ್ನ ಮಾತಿಗೂ ನಿಮ್ಮ ಬೆಂಕಿಪೊಟ್ಟಣಕ್ಕೂ ಬಿದ್ದ ಪೈಪೋಟಿಯಲ್ಲಿ ನಾನು ನಮ್ಮನೆಯಲ್ಲೇ ಸೋತಿದ್ದೇನೆ. ಇದನ್ನೂ ನಿಮ್ಮ ಫಲಿತಾಂಶದಲ್ಲಿ ಹಾಕುತ್ತೀರಾ?

ನನ್ನ ಬೇಡಿಕೆ ದೊಡ್ಡದಲ್ಲ. ಪದಕ ವಾಪಸ್ ಕಳಿಸಿದ್ದೇನೆ. ನನ್ನ ಹೆಸರಿನ ಮುಂದೆ "ಮುಗಿಸಿಲ್ಲ" ಎಂದು ಬರೆಯಿರಿ. ಆಮೇಲೆ ಆ ಕೆಂಪು ಗೆರೆಯನ್ನು ಬೆಟ್ಟದ ತುದಿಯಿಂದ ಅಳಿಸುತ್ತಾ ಬಂದು, ನನ್ನ ಚುಕ್ಕಿಯನ್ನು ಆ ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ. ನಿಂತ ಚುಕ್ಕಿ ಕಂಡರೆ ನಮ್ಮಪ್ಪ ಫೋನ್ ಮಾಡೇ ಮಾಡುತ್ತಾರೆ. ಎಕ್ಸ್-ರೇ ಆದಮೇಲೆ ಅವರು ಪ್ರತಿಯೊಬ್ಬರಿಗೂ ಹೇಳುವ ಇನ್ನೊಂದು ಮಾತಿದೆ: "ಆಯ್ತು, ಈಗ ಬಿಡಿ ಉಸಿರು." ಅದನ್ನು ನನಗಿನ್ನೂ ಯಾರೂ ಹೇಳಿಲ್ಲ.

ಇಂತಿ,
ಇನ್ನೂ ಮೆಟ್ಟಿಲ ಮೇಲೇ ಕೂತಿರುವ,
ನಿಮ್ಮ ಕಟ್ಟಕಡೆಯ ವಿಜೇತೆ